ಫೋನ್ ಸುಮ್ಮನಿತ್ತು, ರೇಡಿಯೊ ಕೂಗಿತು

ಕಳೆದ ವಸಂತದ ಒಂದು ರಾತ್ರಿ, ಎರಡೂಕಾಲು ಗಂಟೆ ಇರಬೇಕು. ಬಟ್ಟೆ ಇಡುವ ಕ್ಲಾಸೆಟ್‌ನೊಳಗಿಂದ ನನ್ನ ವೆದರ್ ರೇಡಿಯೊ, ಅಂದರೆ ಅಮೆರಿಕದ ಹವಾಮಾನ ಇಲಾಖೆಯ ಎಚ್ಚರಿಕೆ ಬಂದರೆ ತಾನೇ ಕೂಗುವ ಡಬ್ಬಿ, ಕಿರುಚಿಕೊಂಡಿತು. ಸುಂಟರಗಾಳಿಯಲ್ಲ, ಗುಡುಗು ಮಳೆಯ ವಾರ್ನಿಂಗ್. ಜೊತೆಗೆ ಗಾಲ್ಫ್ ಚೆಂಡಿನ ಗಾತ್ರದ ಆಲಿಕಲ್ಲು. ಪಂಚೆ ಎತ್ತಿ ಕಟ್ಟಿಕೊಂಡು ಗ್ಯಾರೇಜಿಗೆ ಓಡಿದೆ. ಅಲ್ಲಿ ರಾಶಿ ಬಿದ್ದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಕಾಲಲ್ಲೇ ಗೋಡೆಗೆ ತಳ್ಳಿ, ಹೊರಗಿದ್ದ ಕಾರನ್ನು ಒಳಗೆ ತಂದೆ. ಬಾಗಿಲು ಪೂರ್ತಿ ಇಳಿಯುವ ಮೊದಲೇ ಮಾಡಿನ ಮೇಲೆ ಟಪ್ ಟಪ್ ಶುರುವಾಯಿತು.

ಹಿಂದಿನ ಬೀದಿಯಲ್ಲಿ ನನ್ನ ಹಾಸನದ ಗೆಳೆಯನ ಮನೆ. ಅವನ ಕಾರು ಡ್ರೈವ್‌ವೇನಲ್ಲೇ ಇತ್ತು. ಬೆಳಿಗ್ಗೆ ಹೋಗಿ ನೋಡಿದರೆ ಬಾನೆಟ್ ಪಡ್ಡಿನ ಹಂಚಿನ ಥರ ಆಗಿತ್ತು. ಇನ್ಶೂರೆನ್ಸ್‌ನವರು ಕೊಡುವ ಮೊದಲು ಅವನ ಕೈಯಿಂದಲೇ ಸಾವಿರ ಡಾಲರ್ ಹೋಯಿತು.

ನಾಲ್ಕು ವರ್ಷದಿಂದ ಇವನೇ ನನ್ನನ್ನು ಆಡಿಕೊಂಡವನು. "ಅಲ್ಲ ಗುರೂ, ಕೈಯಲ್ಲಿ ಫೋನ್ ಇದೆ, ಹೊರಗೆ ಸೈರನ್ ಇದೆ, ನಿನಗ್ಯಾಕೆ ಈ ಡಬ್ಬಿಗಳ ಹುಚ್ಚು?" ಅವತ್ತು ಅವನ ಫೋನೂ ಕೂಗಲಿಲ್ಲ, ನನ್ನದೂ ಕೂಗಲಿಲ್ಲ. ಕೂಗಬೇಕಾಗಿಯೂ ಇರಲಿಲ್ಲ. 2021ರ ಆಗಸ್ಟ್‌ನಿಂದ ಗುಡುಗು ಮಳೆಯ ವಾರ್ನಿಂಗ್ ತಾನಾಗಿ ಫೋನಿಗೆ ಬರಬೇಕಾದರೆ ಗಾಳಿ ಗಂಟೆಗೆ 80 ಮೈಲಿ ಇರಬೇಕು, ಇಲ್ಲವೇ ಆಲಿಕಲ್ಲು 2.75 ಇಂಚು, ಅಂದರೆ ಬೇಸ್‌ಬಾಲ್ ಗಾತ್ರ ಇರಬೇಕು. ಗಾಲ್ಫ್ ಚೆಂಡು 1.75 ಇಂಚು. ಕಾರು ಹಾಳಾಗೋಕೆ ಅಷ್ಟು ಸಾಕು, ಫೋನ್ ಕೂಗೋಕೆ ಸಾಲದು. ಸೈರನ್ ಇರೋದು ಮನೆ ಹೊರಗಿದ್ದವರಿಗೆ. ಜೊತೆಗೆ 2017ರ ಏಪ್ರಿಲ್ 7ರ ಮಧ್ಯರಾತ್ರಿ ಯಾರೋ ಕಿಡಿಗೇಡಿ ನಮ್ಮ ಪಕ್ಕದ ಡಲ್ಲಾಸ್ ನಗರದ 156 ಸೈರನ್‌ಗಳನ್ನು ಒಟ್ಟಿಗೆ ಕೂಗಿಸಿದ ಮೇಲೆ, ಸೈರನ್ ಕೇಳಿದರೆ ಮಗ್ಗುಲು ಬದಲಿಸಿ ಮಲಗುವ ಅಭ್ಯಾಸ ನನಗಂತೂ ಆಗಿತ್ತು.

ನನ್ನ ಹುಚ್ಚು ಶುರುವಾದದ್ದು 2019ರ ಅಕ್ಟೋಬರ್ 20, ಭಾನುವಾರ ರಾತ್ರಿ. ಒಂಬತ್ತರ ಹೊತ್ತಿಗೆ ಉತ್ತರ ಡಲ್ಲಾಸ್‌ನಲ್ಲಿ ಎದ್ದ ಇಎಫ್3 (ಸೊನ್ನೆಯಿಂದ ಐದರ ಅಳತೆಯಲ್ಲಿ ಮೂರು) ಸುಂಟರಗಾಳಿ ಪಕ್ಕದ ಊರಾದ ನಮ್ಮ ರಿಚರ್ಡ್ಸನ್‌ವರೆಗೂ ಬಂತು. ಯಾರೂ ಸಾಯಲಿಲ್ಲ, ಅದೇ ದೊಡ್ಡದು. ನನ್ನ ಫೋನ್ ಆಗ ಕಾರಿನಲ್ಲಿ ಉಳಿದಿತ್ತು, ಹೆಂಡತಿಯದು ಚಾರ್ಜ್ ಇಲ್ಲದೆ ಸತ್ತಿತ್ತು. ನಾವು ಮಾರನೇ ದಿನದ ದೋಸೆಗೆ ಹಿಟ್ಟು ರುಬ್ಬುತ್ತಿದ್ದೆವು. ಗ್ರೈಂಡರ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟರೆ ದಾರಿಯಲ್ಲಿ ಮನೆಗಳಿಗೆ ಮಾಡೇ ಇಲ್ಲ.

ಆ ವಾರವೇ ಮೊದಲನೇ ರೇಡಿಯೊ ತಂದೆ. ಕ್ಲಿಯರೆನ್ಸ್‌ನಲ್ಲಿ ಸುಮಾರು 20 ಡಾಲರ್. ಬ್ಯಾಟರಿ ಹಾಕಿ ಡ್ರಾಯರ್‌ನಲ್ಲಿಟ್ಟು ಮರೆತೆ. 2021ರ ಫೆಬ್ರವರಿಯ ಹಿಮದಲ್ಲಿ ಟೆಕ್ಸಸ್‌ಗೆ ಟೆಕ್ಸಸ್ಸೇ ಕತ್ತಲಾಯಿತಲ್ಲ, ಆಗ ನೆನಪಾಗಿ ತೆಗೆದರೆ ಆಲ್ಕಲೈನ್ ಸೆಲ್ ಸೋರಿ ಒಳಗೆಲ್ಲ ಬಿಳಿ ಉಪ್ಪು ಕಟ್ಟಿತ್ತು. ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಉಜ್ಜಿದೆ. ಬುಸ್ ಅಂತ ನೊರೆ ಬಂದು ಉಪ್ಪೇನೋ ಹೋಯಿತು, ಆದರೆ ಕೆಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಮುರಿದೇ ಹೋಯಿತು. ಕರೆಂಟ್ ಹುಟ್ಟಿಸುವ ಕ್ರ್ಯಾಂಕ್ ತಿರುಗಿಸಿದೆ. ಒಂದು ನಿಮಿಷ ತಿರುಗಿಸಿದರೆ ನಾಲ್ಕೈದು ನಿಮಿಷ ಮಾತು. ಎರಡನೇ ದಿನ ಹಿಡಿಕೆ ಕೈಗೇ ಬಂತು.

ಎರಡನೆಯದಕ್ಕೆ ದುಡ್ಡು ಸುರಿದೆ, 65 ಡಾಲರ್ ಹತ್ತಿರ. ಸೋಲಾರ್, ಕ್ರ್ಯಾಂಕ್, ಟಾರ್ಚ್, ಫೋನ್ ಚಾರ್ಜರ್, ನಾಯಿಗೆ ಮಾತ್ರ ಕೇಳಿಸುವ ಸೀಟಿ ಎಲ್ಲ ಇತ್ತು. ನಮ್ಮ ಕೌಂಟಿಯ (ಇಲ್ಲಿನ ಜಿಲ್ಲೆ) ಎಚ್ಚರಿಕೆಗೆ ಮಾತ್ರ ಕೂಗುವಂತೆ ಕೋಡ್ ಹಾಕುವ ಸೌಕರ್ಯ ಒಂದು ಬಿಟ್ಟು! ಡಬ್ಬದ ಮೇಲೆ 'ಅಲರ್ಟ್' ಅಂತ ದಪ್ಪಕ್ಷರದಲ್ಲಿ ಬರೆದಿದ್ದನ್ನು ನೋಡಿ ಮೋಸ ಹೋದೆ. ಇಂಥವು ಪ್ರಸಾರ ಕೇಂದ್ರದಿಂದ 1050 ಹರ್ಟ್ಸ್‌ನ ಎಚ್ಚರಿಕೆ ಟೋನ್ ಬಂದರೆ ಸಾಕು, ಕೂಗುತ್ತವೆ. ಆ ಕೇಂದ್ರದ ವ್ಯಾಪ್ತಿಯ ಯಾವ ಕೌಂಟಿಗೆ ಏನಾದರೂ ನಮ್ಮ ನಿದ್ದೆ ಢಮಾರ್. ಒಂದೇ ಮೇ ತಿಂಗಳಲ್ಲಿ ಹತ್ತು ಹನ್ನೆರಡು ರಾತ್ರಿ ಎಬ್ಬಿಸಿತು. "ರೀ, ಇದನ್ನ ನೀವು ಆಫ್ ಮಾಡ್ತೀರೋ, ನಾನೇ ಹೊರಗೆ ಎಸೀಲೋ?" ಅಂದಳು ಹೆಂಡತಿ. ವಾಪಸ್ ಕೊಟ್ಟೆ. ರಸೀದಿ ಸಿಗದೆ ಅಂಗಡಿಯ ಕ್ರೆಡಿಟ್ ಅಷ್ಟೇ ಸಿಕ್ಕಿತು.

ಮೂರನೆಯದು ಮೇಜಿನ ಮೇಲಿಡುವಂಥದ್ದು, 35 ಡಾಲರ್. ಸೇಮ್ (SAME) ಕೋಡ್, ಅಂದರೆ ಕೌಂಟಿ ಆರಿಸುವ ಆರಂಕಿಯ ಸಂಖ್ಯೆ, ಹಾಕುವ ಸೌಕರ್ಯ ಇದರಲ್ಲಿತ್ತು. ಇಲ್ಲಿ ನನ್ನದೇ ದಡ್ಡತನ. ರಿಚರ್ಡ್ಸನ್ ಅಂದಮೇಲೆ ಡಲ್ಲಾಸ್ ಕೌಂಟಿ ಅಂದುಕೊಂಡು 048113 ಒತ್ತಿ ಮಲಗಿದೆ. ಊರಿನ ಉತ್ತರದ ತುದಿ ಇರುವುದು ಕಾಲಿನ್ ಕೌಂಟಿಯಲ್ಲಿ. ನಾವು ಆ ಹೊತ್ತಿಗೆ ಮನೆ ತಗೊಂಡಿದ್ದೂ ಆ ತುದಿಯಲ್ಲೇ. ಪ್ರತಿ ಜನವರಿಯಲ್ಲಿ ಕಾಲಿನ್ ಹೆಸರಿನಲ್ಲೇ ಆಸ್ತಿ ತೆರಿಗೆ ಕಟ್ಟಿದರೂ ತಲೆಗೆ ಹೊಳೆಯಲಿಲ್ಲ! ಒಂದಿಡೀ ಸೀಸನ್ ಪಕ್ಕದ ಕೌಂಟಿಯನ್ನು ಕಾದುಕೊಂಡು ಕೂತಿದ್ದೆ. ಈಗ 048085 ಮತ್ತು 048113 ಎರಡೂ ಹಾಕಿದ್ದೇನೆ. ಮಳೆ ನೈಋತ್ಯದಿಂದ ಬರುವುದೇ ಜಾಸ್ತಿ, ಹಾಗಾಗಿ ಡಲ್ಲಾಸ್‌ನ ಎಚ್ಚರಿಕೆ ಸ್ವಲ್ಪ ಮುಂಚೆಯೇ ಸಿಗುತ್ತದೆ.

ಆ ಮೇಜಿನ ರೇಡಿಯೊ ಚೆನ್ನಾಗಿತ್ತು, ಆದರೆ ಕ್ಲಾಸೆಟ್‌ನಲ್ಲಿ ಬರೀ ಗೊರಗೊರ. ನಮ್ಮ ಕಡೆ ಮನೆಗಳಿಗೆ ನೆಲಮಾಳಿಗೆ ಇಲ್ಲ, ಸುಂಟರಗಾಳಿ ಬಂದರೆ ನಾವು ಅಡಗುವುದು ಆ ಕ್ಲಾಸೆಟ್‌ನಲ್ಲೇ. ಅಲ್ಲಿ ಕೇಳಿಸದ ರೇಡಿಯೊ ಹಾಲ್‌ನಲ್ಲಿ ಎಷ್ಟು ಸ್ಪಷ್ಟವಾಗಿ ಹಾಡಿದರೇನು? ಅವತ್ತೇ ನಾನು ಡಬ್ಬದ ಮೇಲಿನ ಪಟ್ಟಿ ಓದುವುದು ಬಿಟ್ಟೆ.

ಅಲ್ಲಿಂದ ಒಂದೇ ಪರೀಕ್ಷೆ. ರೇಡಿಯೊ ತಂದ ದಿನವೇ ಕ್ಲಾಸೆಟ್‌ನಲ್ಲಿ ಸೀರೆಗಳ ಸಾಲಿನ ಹಿಂದೆ ಇಡುವುದು, ಬಾಗಿಲು ಹಾಕುವುದು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಹವಾಮಾನ ಇಲಾಖೆಯವರು ಕಳಿಸುವ ವಾರದ ಟೆಸ್ಟ್ ಅದರ ಪರದೆ ಮೇಲೆ ದಾಖಲಾಗಬೇಕು. ಒಂದು ಬುಧವಾರ ಸಾಲದು, ಮೂರು ಬೇಕು. ಬಿರುಗಾಳಿ ಮಳೆಯ ಸೂಚನೆ ಇದ್ದ ದಿನ ಟೆಸ್ಟ್ ಮುಂದೆ ಹಾಕುತ್ತಾರೆ, ಅದನ್ನು ರೇಡಿಯೊ ಲೆಕ್ಕಕ್ಕೆ ಬರೆಯಬೇಡಿ. ಮೂರಕ್ಕೆ ಮೂರು ಬಂದರೆ ಪಾಸ್, ಇಲ್ಲದಿದ್ದರೆ ಅಂಗಡಿಗೆ ವಾಪಸ್. ಅದಕ್ಕೇ 30 ದಿನ ವಾಪಸ್ ತಗೊಳ್ಳುವ ಕಡೆ ಮಾತ್ರ ಕೊಳ್ಳುತ್ತೇನೆ. ಗೆಳೆಯರು ನಕ್ಕರು. "ಸೀರೆ ಮಧ್ಯೆ ರೇಡಿಯೊ ಕೂರಿಸಿ ಪೂಜೆ ಮಾಡ್ತಾನೆ" ಅಂತ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲೆಲ್ಲ ಹರಡಿತು.

ನಾಲ್ಕನೆಯದು ಕೈಯಲ್ಲಿ ಹಿಡಿಯುವಂಥದ್ದು, ವಾಕಿಟಾಕಿ ಥರ. 50 ಡಾಲರ್ ಆಸುಪಾಸು. ಅದೂ ಮೊದಲ ಬುಧವಾರ ಫೇಲ್! ಕೈಬಿಡೋಣ ಅಂತಿದ್ದೆ. ಸಂಜೆ ಕ್ಲಾಸೆಟ್ ಲೈಟ್ ಆರಿಸಿದಾಗ ಗೊರಗೊರ ಥಟ್ಟನೆ ನಿಂತು ಹವಾಮಾನದ ಮಾತು ಸ್ಪಷ್ಟವಾಯಿತು. ಮತ್ತೆ ಸ್ವಿಚ್ ಹಾಕಿದೆ, ಗೊರಗೊರ. ಆರಿಸಿದೆ, ಮಾತು. ಮಗಳನ್ನು ಕರೆದು ಹತ್ತು ಸಲ ಹಾಕಿ ಆರಿಸಿ ತೋರಿಸಿದೆ. ಕಳ್ಳ ಸಿಕ್ಕಿದ್ದ, ರೇಡಿಯೊ ಅಲೆಗಳಿಗೆ ಅಡ್ಡ ಬರುತ್ತಿದ್ದ ಎರಡು ಡಾಲರ್‌ನ ಎಲ್‌ಇಡಿ ಬಲ್ಬು. ಬೇರೆ ಬಲ್ಬು ಹಾಕಿದ ಮೇಲೆ ಮೂರು ಬುಧವಾರವೂ ಪಾಸ್. ಪಾಪ, ಹಿಂದಿನ ಮೇಜಿನ ರೇಡಿಯೊಗೂ ಇದೇ ಬಲ್ಬಿನ ಕಾಟ ಇತ್ತೋ ಏನೋ, ಅಷ್ಟರಲ್ಲಿ ಅದನ್ನು ಬೇರೆಯವರಿಗೆ ಕೊಟ್ಟಾಗಿತ್ತು.

ಅದರ ಸೆಲ್ ಎಎ, ಎಲ್ಲಿ ಬೇಕಾದರೂ ಸಿಗುತ್ತದೆ. ದಿನಬಳಕೆಗೆ ರೀಚಾರ್ಜ್ ಮಾಡುವ ನಿಕಲ್ ಸೆಲ್, ಪಕ್ಕದಲ್ಲೇ ಪ್ಯಾಕೆಟ್ ಒಡೆಯದ ಲಿಥಿಯಂ. ಸ್ಟ್ಯಾಂಡ್‌ಬೈನಲ್ಲಿ ನನಗೆ ಐದು ದಿನ ಬಂತು, ಸುಮಾರು. ಕಡ್ಡಿ ಆಂಟೆನಾ ಜೊತೆಗೆ 46 ಸೆಂಟಿಮೀಟರ್ ತಾಮ್ರದ ವೈರ್ ನೇತುಹಾಕಿದ್ದೇನೆ. ವೆದರ್ ರೇಡಿಯೊದ 162 ಮೆಗಾಹರ್ಟ್ಸ್ ತರಂಗದ ಉದ್ದದಲ್ಲಿ ಕಾಲು ಭಾಗ ಅಷ್ಟೇ ಬರುತ್ತದೆ, ಆಂಟೆನಾಗೆ ಹಿಡಿಸುವ ಅಳತೆ ಅದು. ಡಲ್ಲಾಸ್‌ನ 162.400 ಈಗ ಗಂಟೆ ಹೊಡೆದಂತೆ, ಮೊದಲು ಹತ್ತಿರವೂ ಸುಳಿಯದಿದ್ದ ಫೋರ್ಟ್ ವರ್ತ್‌ನ 162.550 ಕೂಡ ಕ್ಲಾಸೆಟ್‌ನಲ್ಲೇ ಸಿಗುತ್ತದೆ. ವೈರನ್ನು ಎಲ್ಲಿಂದ ಎಲ್ಲಿಗೆ ಎಳೆದೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದಕ್ಕೆ ಎರಡು ವಾರ ಏಣಿ ಹತ್ತಿ ಇಳಿದಿದ್ದೇನೆ.

ನಡುವೆ ಬೇಡದ ಪ್ರಯೋಗಗಳೂ ಆದವು. ಆಫೀಸಿನವರೊಬ್ಬರ ಸೋಲಾರ್ ರೇಡಿಯೊ ಎರವಲು ತಂದು ಜುಲೈ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟೆ. ದಿನವಿಡೀ ಬಿಸಿಲು ಕುಡಿದು ಒಂದು ಗಂಟೆ ಹಾಡಿತು. ಆದರೆ ಒಳಗಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಿರುಕು ಬಿಟ್ಟಿತು. ಹೊಸದು ಕೊಡಿಸಿದೆ, 40 ಡಾಲರ್ ಅಲ್ಲಿಗೆ. ಇನ್ನೊಂದು ಪುಟ್ಟ ಡಿಜಿಟಲ್ ರೇಡಿಯೊವನ್ನು ಮೈಸೂರಿಗೆ ಒಯ್ದಿದ್ದೆ. ಅಲ್ಲಿ ಏಳೂ ವೆದರ್ ಚಾನೆಲ್ ಮೌನ, ಅದು ಗೊತ್ತಿದ್ದದ್ದೇ. ಅಪ್ಪನಿಗೆ ಆಕಾಶವಾಣಿ ಬೆಂಗಳೂರು ಹಾಕಿಕೊಡೋಣ ಅಂದರೆ ಅಮೆರಿಕದ ಸೆಟ್ ಹತ್ತು ಹತ್ತು ಕಿಲೋಹರ್ಟ್ಸ್ ಜಿಗಿಯುತ್ತದೆ, ನಮ್ಮಲ್ಲಿ ಒಂಬತ್ತು. 612 ಬೇಕಾದರೆ 610ಕ್ಕೆ ನಿಲ್ಲುತ್ತದೆ. ವಾರ್ತೆ ಓದುವವರಿಗೆ ನೆಗಡಿ ಆದಂತೆ ಕೇಳಿಸಿತು. ಅಪ್ಪ ಎರಡು ನಿಮಿಷ ಕೇಳಿ ತಮ್ಮ ಹಳೇ ಟ್ರಾನ್ಸಿಸ್ಟರ್‌ನ ತಿರುಪು ತಿರುಗಿಸಿದರು.

ದುಡ್ಡಿನ ಲೆಕ್ಕ: ಬಲ್ಬು, ಸೆಲ್, ವೈರ್, ಉಬ್ಬಿದ ಬ್ಯಾಟರಿ ಎಲ್ಲ ಸೇರಿ 230ರ ಆಸುಪಾಸು ಹೋಗಿರಬೇಕು. ಈಗ ಮಾಡುವುದಾದರೆ 60ರೊಳಗೆ ಮುಗಿಸುತ್ತಿದ್ದೆ. ಟೆಕ್ಸಸ್‌ನಲ್ಲಿ ಪ್ರತಿವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ಒಂದು ವಾರಾಂತ್ಯ ತುರ್ತು ಸಾಮಾನಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. 75 ಡಾಲರ್‌ಗಿಂತ ಕಡಿಮೆಯ ವೆದರ್ ರೇಡಿಯೊ, ಬ್ಯಾಟರಿ ಎರಡೂ ಅದರಲ್ಲಿವೆ. ನಮ್ಮಲ್ಲಿ 8.25 ಪರ್ಸೆಂಟ್, ಸಣ್ಣದೇನಲ್ಲ. ಆ ವಾರಾಂತ್ಯಕ್ಕೆ ಸೇರಿಸಿ ನಾನು ಮಾಡುವ ಇನ್ನೊಂದು ಉಪಾಯ ಇದೆ. ಅದನ್ನು ಬರೆದರೆ ಮುಂದಿನ ವರ್ಷ ನನಗೇ ಸ್ಟಾಕ್ ಸಿಗಲ್ಲ.

ಆಲಿಕಲ್ಲು ಬಿದ್ದ ಮುಂದಿನ ಶನಿವಾರ ಹಾಸನದವನು ತಾನೇ ಮನೆಗೆ ಬಂದ. ಡಬ್ಬಿ ಅಂತ ಕರೆಯಲಿಲ್ಲ, 'ನಿನ್ನ ರೇಡಿಯೊ' ಅಂದ. ಒಂದು ಕೊಡಿಸಿ, ಎರಡು ಕೋಡ್ ಹಾಕಿ, ಅವರ ಕ್ಲಾಸೆಟ್‌ನ ಬಲ್ಬನ್ನೂ ಬದಲಿಸಿ ಬಂದೆ. ಬುಧವಾರ ಮಧ್ಯಾಹ್ನ ಮೀಟಿಂಗ್‌ನಲ್ಲಿದ್ದಾಗ ಅವನ ಮೆಸೇಜ್: "ಗುರೂ, ಏನೋ ಟೆಸ್ಟ್ ಟೆಸ್ಟ್ ಅಂತ ತೋರಿಸ್ತಿದೆ. ಇಷ್ಟು ಬೇಗ ಕೆಟ್ಟೋಯ್ತಾ?"