ಚಳಿಗಾಲದ ಬಟಾಣಿ ಹಳದಿಯಾಗಿದ್ದಕ್ಕೆ ಕಾರಣ ಬೇರಿನಲ್ಲಿತ್ತು

ಚಳಿಗಾಲದ ಬಟಾಣಿಯನ್ನು ಹೊದಿಕೆ ಬೆಳೆಯಾಗಿ (ಮಣ್ಣನ್ನು ಮುಚ್ಚಿ ಕಾಪಾಡಲು ಹಾಕುವ ಬೆಳೆ) ಹಾಕಿದಾಗ ನನಗೆ ಎರಡು ಆಸೆ: ಮಣ್ಣಿಗೆ ಸಾರಜನಕ, ಜಿಂಕೆ-ಮೊಲಗಳಿಗೆ ಮೇವು. ಎರಡೂ ಕೈಕೊಟ್ಟವು. ಗಿಡ ಗೇಣುದ್ದ ಆಗುವ ಮೊದಲೇ ಹಳದಿ ತಿರುಗಿತು. ಉಳಿದದ್ದನ್ನು ಜಿಂಕೆಗಳು ಬೋಳಿಸಿದವು.

ನೀರು ಸಾಲಲಿಲ್ಲವೇನೋ ಅಂದುಕೊಂಡಿದ್ದೆ. ಕೊನೆಗೆ ನಾಲ್ಕು ಗಿಡ ಅಗೆದು ನೋಡಿದರೆ ಬೇರಿನಲ್ಲಿ ಗಂಟುಗಳೇ ಇಲ್ಲ! (ಕೈಯಿಂದ ಕಿತ್ತರೆ ಗಂಟು ಮಣ್ಣಲ್ಲೇ ಉದುರಿಹೋಗುತ್ತವೆ, ಸಲಿಕೆಯಿಂದ ಎಬ್ಬಿಸಿ ತೊಳೆದು ನೋಡಬೇಕು.) ಆ ಜಾಗದಲ್ಲಿ ಹಿಂದೆ ಬಟಾಣಿ ಬೆಳೆದಿರಲಿಲ್ಲ. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಎಂಬ ಜೀವಾಣು ಮಣ್ಣಲ್ಲಿ ಇಲ್ಲದಿದ್ದರೆ ಪಾಪ, ಬಟಾಣಿ ಏನು ಮಾಡೀತು? ಸೋಯಾಬೀನ್‌ನ ಜೀವಾಣು ಇದಕ್ಕೆ ಒಗ್ಗುವುದಿಲ್ಲ, ಬಟಾಣಿಯದ್ದೇ ಬೇಕು.

ಮರುವರ್ಷ ಬೀಜಕ್ಕೆ ಸ್ವಲ್ಪ ಸಕ್ಕರೆ ನೀರು ಚಿಮುಕಿಸಿ, ಜೀವಾಣು ಪುಡಿ ಸವರಿ, ನೆರಳಲ್ಲಿ ಆರಿಸಿ ಅಂದೇ ಬಿತ್ತಿದೆ. ಮೇಲೆ ಚೆಲ್ಲಿ ಬಿಡದೆ ಒಂದೂವರೆ ಅಂಗುಲ ಆಳಕ್ಕೆ, ಗಟ್ಟಿ ಹಿಮ ಬೀಳುವುದಕ್ಕೆ ಆರೇಳು ವಾರ ಮೊದಲು. ಜೊತೆಗೆ ಓಟ್ಸ್ ಬೆರೆಸಿದೆ. ಬಳ್ಳಿಗೆ ಹಬ್ಬಲು ಆಸರೆ, ಜಿಂಕೆಗಳ ಬಾಯಿಗೆ ಇನ್ನೊಂದು ತುತ್ತು. ಗಿಡ ಬೇರು ಬಿಡುವವರೆಗೆ ಬೇಲಿ ಹಾಕಿದ್ದೆ. ನನ್ನ ಪ್ರಕಾರ ಸಣ್ಣ ಜಾಗಕ್ಕೆ ಇದು ಕಡ್ಡಾಯ.

ಈ ಸಲ ಗಂಟು ಸೀಳಿದಾಗ ಒಳಗೆ ಗುಲಾಬಿ ಬಣ್ಣ. ಅಂದರೆ ಕೆಲಸ ನಡೆಯುತ್ತಿದೆ. ಬೇಲಿ ತೆಗೆದ ಮೇಲೆ ಮೊಲಗಳೂ ಬಂದವು. ಹೂ ಬಿಟ್ಟಾಗ, ಕಾಯಿ ಬಲಿಯುವ ಮೊದಲೇ ಕತ್ತರಿಸಿ ಮಣ್ಣಿಗೆ ಸೇರಿಸಿದೆ.