ಊರು ಬಿಟ್ಟವರಿಂದಲೇ ಊರು ಕೂಡಿತು

ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಸುತ್ತಮುತ್ತಲಿನವರಿಗೆ ನಮ್ಮೂರ ಪಾಡು ಬಿಡಿಸಿ ಹೇಳಬೇಕಿಲ್ಲ. ತೋಟಕ್ಕೊಂದು ಮನೆ, ಮಕ್ಕಳೆಲ್ಲ ಬೆಂಗಳೂರು, ಮಳೆ ಹಿಡಿದರೆ ಕರೆಂಟೂ ಇಲ್ಲ, ಟವರೂ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಊರು ಕೂಡೋದೇ ನಿಂತುಹೋಯ್ತು. ಫೋನಲ್ಲೇ ಕೂಡಿಸ್ತೀನಿ ಅಂದಾಗ ‘ಆಗೋ ಹೋಗೋ ಮಾತಾಡು ಮಾರಾಯ’ ಅಂದವರೇ ಹೆಚ್ಚು. ಈಗ ಭಾನುವಾರ ಸಂಜೆ ಇಪ್ಪತ್ತರ ಮೇಲೆ ಮನೆಗಳು ಒಂದೇ ಕಾಲ್‌ನಲ್ಲಿ ಇರ್ತವೆ. ಬಹುಪಾಲು ಕೀಪ್ಯಾಡ್ ಫೋನುಗಳೇ.

ವಾಟ್ಸ್‌ಆ್ಯಪ್ ಗ್ರೂಪ್ ಶುಭೋದಯದ ಹೂವಿನಲ್ಲೇ ಮುಳುಗಿತು. ಹಿರಿಯರು ಅದರಲ್ಲಿ ಇರಲೇ ಇಲ್ಲ. ಜೂಮ್ ಪುಕ್ಕಟೆ ಕೊಡೋದು 40 ನಿಮಿಷ, ಅದರಲ್ಲಿ ಅರ್ಧ ‘ಕೇಳ್ತಿದೆಯಾ’ ಅನ್ನೋದಕ್ಕೇ ಹೋಯ್ತು. ಸಿಲ್ವರ್ ಓಕ್ ಮರದ ತುದಿಗೆ ಆಂಟೆನಾ ಕಟ್ಟಿಸಿ ರೂಟರ್ ಹಾಕಿದ್ದೂ ಆಯ್ತು. ಮರ ಹತ್ತಿದವನ ಕೂಲಿ ಸೇರಿ ಐದಾರು ಸಾವಿರ. ಕಾಫಿ ಹೂ ಅರಳಿಸೋ ಬೇಸಿಗೆ ಮಳೆಯ ಸಿಡಿಲಿಗೆ ಎಲ್ಲಾ ಸುಟ್ಟುಹೋಯ್ತು.

ಉಳಿದದ್ದು ಮಾಮೂಲಿ ಕಾನ್ಫರೆನ್ಸ್ ಕಾಲ್. ಒಂದು ಫೋನಿಗೆ ಐದು ಜನ ಸೇರ್ತಾರೆ. ಆ ಐವರೂ ತಲಾ ನಾಲ್ಕು ಮನೆ ಸೇರಿಸಿಕೊಂಡರೆ ನನ್ನದೂ ಸೇರಿ ಒಟ್ಟು 26 ಫೋನು. ಲೆಕ್ಕ ಸರಿಯಿತ್ತು, ಕಾಲ್ ಮಾತ್ರ ನಿಲ್ತಿರಲಿಲ್ಲ. ನಡುವಿನವರ ನೆಟ್‌ವರ್ಕ್ ಹೋದರೆ ಅವರ ಹಿಂದಿನ ನಾಲ್ಕೂ ಮನೆ ಹೋಗ್ತಿತ್ತು. ನಡುವಿನ ಆ ಐವರು ಊರಲ್ಲೇ ಇದ್ದಷ್ಟು ದಿನ ಇದೇ ಗೋಳು. ಆ ಕೆಲಸವನ್ನು ಬೆಂಗಳೂರಿನ ಹುಡುಗರ ಕೈಗೆ ಕೊಟ್ಟೆ ನೋಡಿ, ಕಾಲ್ ಗಟ್ಟಿಯಾಗಿ ನಿಂತಿತು. ನಾಗರಬಾವಿಯಲ್ಲಿ ಕೂತ ಹುಡುಗ ತನ್ನ ಅಪ್ಪನ ಜೊತೆ ಅಕ್ಕಪಕ್ಕದ ಮೂರು ಮನೆಗೂ ಫೋನ್ ಹಚ್ಚುತ್ತಾನೆ. ಊರು ಬಿಟ್ಟವರು ಊರಿಗೆ ಆಗಲ್ಲ ಅನ್ನೋರ ಬಾಯಿ ಅವತ್ತೇ ಮುಚ್ಚಿತು.

ಮೊದಲು ಮನೆ ಹೆಸರು ಕೂಗ್ತೀನಿ. ‘ಮೇಲಿನ ಮನೆ?’ ‘ಇದೀವಪ್ಪಾ.’ ‘ಕೆರೆ ಮನೆ?’ ಕೆರೆ ಮನೆ ದೊಡ್ಡಮ್ಮ ಉತ್ತರ ಕೊಡೋ ಮೊದಲು ಅವರ ಜಿಂಕ್ ಶೀಟಿನ ಮೇಲಿನ ಮಳೆ ಕೇಳುತ್ತೆ. ಕೂಗಿದರೂ ಓಗೊಡದ ಮನೆಗೆ ಆಗಲೇ ಒಬ್ಬರು ಟಾರ್ಚ್ ಹಿಡಿದು ಹೊರಡಬೇಕು, ಇದು ಕಟ್ಟುನಿಟ್ಟು. ಒಂದು ಮಳೆಗಾಲದಲ್ಲಿ ಜಾರಿಬಿದ್ದು ಏಳಲಾಗದೆ ಇದ್ದ ಅಜ್ಜ ಸಿಕ್ಕಿದ್ದು ಹೀಗೇ.

ಖರ್ಚು ಅಂದರೆ ರೀಚಾರ್ಜು. ವ್ಯಾಲಿಡಿಟಿ ಮುಗಿದರೆ ಇನ್‌ಕಮಿಂಗೂ ನಿಲ್ಲುತ್ತೆ, ಹಿರಿಯರಿಗೆ ಅದು ಗೊತ್ತೇ ಆಗಲ್ಲ. ಫೋನಿಗೆ ತಿಂಗಳಿಗೆ ಇನ್ನೂರರ ಆಸುಪಾಸು, ಅದನ್ನೂ ಆ ಹುಡುಗರೇ ನೋಡ್ಕೊಳ್ತಾರೆ. ಜರ್ಮನಿಯಲ್ಲಿ ಇರೋ ನಮ್ಮೂರ ಹುಡುಗಿಯನ್ನು ವಾಟ್ಸ್‌ಆ್ಯಪ್ ಕಾಲ್‌ನಲ್ಲಿ ಹಿಡಿದು, ಎರಡು ಫೋನು ಎದುರುಬದುರು ಇಟ್ಟು ಸೇರಿಸಿದ್ದೂ ಉಂಟು. ಮಾತು ಎರಡೆರಡು ಸಲ ಕೇಳೋದನ್ನು ನಿಲ್ಲಿಸಿದ್ದು ಹೇಗೆ ಅಂತ ಇಲ್ಲಿ ಬರೆಯಲ್ಲ. ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ತೋರಿಸ್ತೀನಿ.

ಈ ಸಲ ಊರಿನ ಸುಗ್ಗಿ ಹಬ್ಬಕ್ಕೆ ದಿನ ಗೊತ್ತು ಮಾಡಿದ್ದು, ವಂತಿಗೆ ಎತ್ತಿದ್ದು ಎಲ್ಲಾ ಕಾಲ್‌ನಲ್ಲೇ. ಪಕ್ಕದ ಊರಿನವರೂ ಕೇಳ್ಕೊಂಡು ಬಂದಿದ್ದಾರೆ. ಅವರ ಐವರಲ್ಲಿ ನಾಲ್ವರು ಬೆಂಗಳೂರಲ್ಲಿ ಸಿಕ್ಕಿದ್ದಾರೆ, ಇನ್ನೊಬ್ಬರನ್ನು ಹುಡುಕ್ತಿದೀವಿ.