ಫಿಟ್ಸ್ ಬಂದಾಗ ಸ್ಪ್ರೇ ಹೊಡೆಯುವವರು ಯಾರು?

ಫಿಟ್ಸ್‌ಗೆ ದಿನಾ ಮಾತ್ರೆ ತಗೊಳ್ಳುವವರಲ್ಲಿ ಕೆಲವರಿಗೆ ಡಾಕ್ಟರು ಮಿಡಜೋಲಾಮ್ ಮೂಗಿನ ಸ್ಪ್ರೇಯನ್ನೂ ಬರೆದುಕೊಡುತ್ತಾರೆ. ತಾನಾಗಿ ನಿಲ್ಲದ ಫಿಟ್ಸನ್ನು ನಿಲ್ಲಿಸಲು ಇದು. ದಿನದ ಮಾತ್ರೆಗೆ ಬದಲಿ ಅಲ್ಲ. ಮಕ್ಕಳದ್ದಾದರೆ ಅಮ್ಮನ ಬ್ಯಾಗಿನಲ್ಲಿರುತ್ತದೆ. ದೊಡ್ಡವರದ್ದು ಎಷ್ಟೋ ಸಲ ಬೀರುವಿನಲ್ಲೇ ಉಳಿದುಬಿಡುತ್ತದೆ, ಅವರು ವೈಟ್‌ಫೀಲ್ಡಿನ ಆಫೀಸಿನಲ್ಲೋ ಮೆಟ್ರೊದಲ್ಲೋ ಇರುತ್ತಾರೆ.

ಎಚ್ಚರ ತಪ್ಪಿದವರು ತಾವೇ ಸ್ಪ್ರೇ ಹೊಡೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಮೊದಲ ಕೆಲಸ, ಹೊಡೆಯುವವರನ್ನು ಗೊತ್ತುಮಾಡಿಕೊಳ್ಳುವುದು. ಪಿಜಿಯ ರೂಮ್‌ಮೇಟ್, ಪಕ್ಕದ ಸೀಟಿನವರು, ಯಾರಾದರೂ ಸರಿ. ಹೇಳಲು ಮುಜುಗರವೇ. ಆದರೆ ಇಡೀ ಆಫೀಸಿಗೆ ಸಾರಬೇಕಿಲ್ಲ. ಇಬ್ಬರಿಗೆ ಗೊತ್ತಿದ್ದರೆ ಸಾಕು. ಒಬ್ಬರು ರಜೆ ಹಾಕಬಹುದಲ್ವಾ?

ಎಷ್ಟು ನಿಮಿಷದ ಮೇಲೆ ಕೊಡಬೇಕು, ಎಷ್ಟು ಸಲ ಒತ್ತಬೇಕು, ಇನ್ನೊಮ್ಮೆ ಕೊಡಬಹುದಾ ಎಂದು ಡಾಕ್ಟರಿಂದಲೇ ಚೀಟಿಯಲ್ಲಿ ಬರೆಸಿ, ಸ್ಪ್ರೇ ಜೊತೆಗೇ ಇಡಿ. ಒಂದೊಂದು ಕಂಪನಿಯ ಸ್ಪ್ರೇಯಲ್ಲಿ ಔಷಧಿಯ ಪ್ರಮಾಣ ಬೇರೆ. ಬೇರೆಯವರ ಲೆಕ್ಕ ನಿಮಗೆ ನಡೆಯುವುದಿಲ್ಲ.

ಫಿಟ್ಸ್ ಶುರುವಾದ ತಕ್ಷಣ ಗಡಿಯಾರ ನೋಡಿ. ಗಾಬರಿಯಲ್ಲಿ ಒಂದು ನಿಮಿಷವೂ ಹತ್ತರಂತೆ ಕಾಣುತ್ತದೆ. ತಲೆಯ ಕೆಳಗೆ ಮೆತ್ತಗಿನದ್ದೇನಾದರೂ ಇಡಿ, ಮಗ್ಗುಲಿಗೆ ತಿರುಗಿಸಿ. ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಚಮಚ, ನೀರು ಏನೂ ಬೇಡ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು ಸುಮ್ನೆ ಹೊತ್ತು ಕಳೆಯುವ ಕೆಲಸ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಸಾಮಾನ್ಯವಾಗಿ 5 ನಿಮಿಷ ದಾಟಿದರೆ ಸ್ಪ್ರೇ. ನಿಮ್ಮ ಚೀಟಿಯಲ್ಲಿ ಬೇರೆ ಹೇಳಿದ್ದರೆ ಅದೇ ಸರಿ. ತಲೆ ಅಲುಗಾಡದಂತೆ ಆಸರೆ ಕೊಟ್ಟು, ತುದಿಯನ್ನು ಮೂಗಿನ ಹೊಳ್ಳೆಗೆ ಹಾಕಿ ಹೇಳಿದಷ್ಟು ಸಲ ಒತ್ತಿ. ಉಸಿರು ಎಳೆದುಕೊಳ್ಳಬೇಕು ಅಂತಿಲ್ಲ.

ಆಮೇಲೆ ಜಾಸ್ತಿ ನಿದ್ದೆ ಬರುತ್ತದೆ, ಅದು ಮಾಮೂಲು. ಉಸಿರಾಟದ ಮೇಲೆ ಮಾತ್ರ ಕಣ್ಣಿರಲಿ. ಉಸಿರು ತೀರಾ ನಿಧಾನವಾದರೆ, ಸ್ಪ್ರೇ ಕೊಟ್ಟು 5 ನಿಮಿಷವಾದರೂ ನಿಲ್ಲದಿದ್ದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಗರ್ಭಿಣಿಯಾದರೆ, ಪೆಟ್ಟಾಗಿದ್ದರೆ ಕಾಯುವುದೇ ಬೇಡ. ಫೈಲ್ ನಿಮ್ಹಾನ್ಸ್‌ನಲ್ಲಿದೆ ಎಂದು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಹತ್ತಿರದ ಎಮರ್ಜೆನ್ಸಿಗೆ ಹೋಗುವುದು ಮೇಲು.

ಒಂದರ ಹಿಂದೆ ಒಂದು ಫಿಟ್ಸ್ ಬರುವವರಿಗೆ ಕ್ಲೋಬಜಾಮ್ ಮಾತ್ರೆ ಬರೆದಿರುತ್ತಾರೆ. ಪೂರ್ತಿ ಎಚ್ಚರವಿದ್ದು ನುಂಗಲು ಬಂದರೆ ಮಾತ್ರ ಅದು.

ಹೊಸ ಬಾಟಲಿಯನ್ನು ಮೊದಲು ಗಾಳಿಗೆ ಒತ್ತಿ ನೋಡಬೇಕಾ, ಪೆಟ್ಟಿಗೆಯಲ್ಲಿನ ಹಾಳೆ ಓದಿ. ಎಕ್ಸ್‌ಪೈರಿ ದಿನಾಂಕವನ್ನು ಫೋನಿನಲ್ಲಿ ರಿಮೈಂಡರ್ ಮಾಡಿಕೊಳ್ಳಿ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಇದನ್ನು ಕೊಡುವಂತಿಲ್ಲ, ಮುಗಿಯುವ ಮುಂಚೆಯೇ ಬರೆಸಿಕೊಳ್ಳಿ.